ಜೀಡಿಮೆಟ್ಲಾದ ಶಬ್ದವೂ ನಾಲ್ಕು ವಲಯಗಳ ಶಾಸನವೂ

ನಗರಗಳ ಇತಿಹಾಸವನ್ನು ಬರೆಯುವವರು ಕೋಟೆ ಕೊತ್ತಲಗಳನ್ನೂ ಕೆರೆ ಬಾವಿಗಳನ್ನೂ ವಿವರಿಸುವುದುಂಟು; ಬೀದಿಯ ದೀಪ, ನಲ್ಲಿಯ ನೀರು, ಚರಂಡಿ ಇವು ಎಂದು ಬಂದುವೆಂಬುದನ್ನು ಗುರುತಿಸುವುದೂ ಉಂಟು. ಆದರೆ ಆ ನಗರದಲ್ಲಿ ಬಾಳಿದವರ ಕಿವಿಗೆ ಏನು ಬೀಳುತ್ತಿತ್ತು, ಅದಕ್ಕೆ ಅರಸು ಯಾವ ಕಟ್ಟುಪಾಡನ್ನು ವಿಧಿಸಿತು ಎಂಬ ವಿಷಯವು ಇತಿಹಾಸಕಾರರ ಲಕ್ಷ್ಯಕ್ಕೆ ಬಂದಿರುವುದು ವಿರಳ. ಹೈದರಾಬಾದಿನ ಉತ್ತರ ದಿಕ್ಕಿನ ಜೀಡಿಮೆಟ್ಲಾವನ್ನು ನಿದರ್ಶನವಾಗಿ ಇಟ್ಟುಕೊಂಡು, ನಮ್ಮ ದೇಶದಲ್ಲಿ ಶಬ್ದನಿಯಂತ್ರಣದ ಶಾಸನವು ಹೇಗೆ ರೂಪುಗೊಂಡಿತು, ಮನೆಗೂ ಶಾಲೆಗೂ ಅದು ಎಷ್ಟರಮಟ್ಟಿಗೆ ಒದಗಿತು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಶಾಸನವೆಂದೊಡನೆ ಈ ಪತ್ರಿಕೆಯ ಓದುಗರಿಗೆ ಕಲ್ಬರಹವೂ ತಾಮ್ರಪಟವೂ ನೆನಪಾಗುವುದು ಸಹಜ. ಇಲ್ಲಿ ಆ ಪದವನ್ನು ಕಾಯಿದೆಯೆಂಬ ಅರ್ಥದಲ್ಲಿ ಬಳಸಿದೆ. ಆದರೂ ಈ ಎರಡಕ್ಕೂ ಒಂದು ಸಾಮ್ಯವುಂಟು. ದತ್ತಿಯ ಶಾಸನದಲ್ಲಿ ಭೂಮಿಯ ಚತುಸ್ಸೀಮೆಯನ್ನು ಹೇಳದೆ ಮಾತು ಮುಗಿಯುವುದಿಲ್ಲ. ಶಬ್ದದ ಕಾಯಿದೆಯೂ ಮೊದಲಿನಿಂದ ಕೊನೆಯವರೆಗೆ ಎಲ್ಲೆಯ ಮಾತನ್ನೇ ಆಡುತ್ತದೆ. ತೊಡಕು ಹುಟ್ಟುವುದೂ ಅಲ್ಲಿಯೇ.

ಹೆಸರನ್ನು ಕೇಳಿದರೆ ಜೀಡಿಮೆಟ್ಲಾ ಗೇರುಮರಗಳ ದಿಣ್ಣೆಯಂತೆ ತೋರುತ್ತದೆ. ತೆಲುಗಿನಲ್ಲಿ ಜೀಡಿಯೆಂದರೆ ಗೇರು. ಇಂದು ಆ ಹೆಸರು ಯಾರಿಗೂ ಮರವನ್ನು ನೆನಪಿಗೆ ತರುವುದಿಲ್ಲ. ನಿಜಾಮರ ಕಾಲದಲ್ಲಿ ಹೈದರಾಬಾದಿನ ಕೈಗಾರಿಕೆಗಳು ಅಜಮಾಬಾದ್, ಮುಷೀರಾಬಾದ್ ಮುಂತಾದ ಕಡೆಗಳಲ್ಲಿ ನಗರಕ್ಕೆ ತಗುಲಿಕೊಂಡೇ ಇದ್ದುವು. ಸ್ವಾತಂತ್ರ್ಯಾನಂತರ ಅವು ವಾಯವ್ಯಕ್ಕೆ ಸರಿದು ಸನತ್‌ನಗರ, ಬಾಲಾನಗರಗಳನ್ನು ಸೇರಿದುವು. 1960ರ ದಶಕದಲ್ಲಿ ಕೇಂದ್ರ ಸರ್ಕಾರದ ಔಷಧ ಕಾರ್ಖಾನೆಯಾದ ಐ.ಡಿ.ಪಿ.ಎಲ್. ಬಾಲಾನಗರದಲ್ಲಿ ತಲೆಯೆತ್ತಿತು. ಬೆಂಗಳೂರಿನಲ್ಲಿ 1953ರಲ್ಲಿ ಹುಟ್ಟಿದ ಎಚ್.ಎಂ.ಟಿ. ಸಂಸ್ಥೆಯೂ ಅದೇ ದಶಕದಲ್ಲಿ ಕುತ್ಬುಲ್ಲಾಪುರದ ಕಡೆ ತನ್ನ ಯಂತ್ರೋಪಕರಣದ ಘಟಕವನ್ನು ತೆರೆಯಿತು. 1973ರಲ್ಲಿ ಸ್ಥಾಪಿತವಾದ ಆಂಧ್ರಪ್ರದೇಶ ಕೈಗಾರಿಕಾ ಮೂಲಸೌಕರ್ಯ ನಿಗಮವು ಈ ಎರಡರ ನೆರೆಯಲ್ಲಿದ್ದ ಜೀಡಿಮೆಟ್ಲಾದ ಬಯಲನ್ನು ಹಂತ ಹಂತವಾಗಿ ನಿವೇಶನಗಳನ್ನಾಗಿ ವಿಂಗಡಿಸಿ ಹಂಚಿತು. ದೊಡ್ಡ ಔಷಧ ಕಾರ್ಖಾನೆಯಲ್ಲಿ ಕೆಲಸ ಕಲಿತವರು ಹೊರಗೆ ಬಂದು ಸಣ್ಣ ಘಟಕಗಳನ್ನು ಹೂಡಿದರು. ರಾಸಾಯನಿಕ, ಔಷಧ, ಎರಕ, ಪ್ಲಾಸ್ಟಿಕ್, ಲೇತು ಕೆಲಸ ಎಲ್ಲವೂ ಅಕ್ಕಪಕ್ಕದಲ್ಲಿ ನೆಲೆಗೊಂಡುವು.

ಕಾರ್ಖಾನೆಗೆ ನಿವೇಶನವನ್ನು ಕೊಟ್ಟವರು ಕಾರ್ಮಿಕನಿಗೆ ಮನೆಯನ್ನು ಕೊಡಲಿಲ್ಲ. ಎಚ್.ಎಂ.ಟಿ.ಯಂಥ ಸರ್ಕಾರಿ ಉದ್ಯಮಗಳು ತಮ್ಮ ಸಿಬ್ಬಂದಿಗೆ ವಸತಿಯನ್ನು ಕಟ್ಟಿಸಿದುವು. ಸಣ್ಣ ಘಟಕಗಳಿಗೆ ಆ ಶಕ್ತಿಯೂ ಇರಲಿಲ್ಲ, ಆ ಹೊಣೆಯೂ ಇರಲಿಲ್ಲ. ಪಾಳಿ ಮುಗಿಸಿದವನು ನಡೆದುಹೋಗಬಹುದಾದ ದೂರದಲ್ಲಿಯೇ ಗುಡಿಸಲನ್ನೋ ಎರಡು ಕೋಣೆಯ ಮನೆಯನ್ನೋ ಹುಡುಕಿಕೊಂಡನು. ಚಿಂತಲ್, ಶಾಪೂರ್‌ನಗರ, ಸುಭಾಷ್‌ನಗರ, ಜಗದ್ಗಿರಿಗುಟ್ಟ ಇವು ಹೀಗೆ ತುಂಬಿಕೊಂಡುವು. ಮನೆಗಳ ಹಿಂದೆ ಶಾಲೆಗಳು ಬಂದುವು. 2007ರಲ್ಲಿ ಕುತ್ಬುಲ್ಲಾಪುರವು ಬೃಹತ್ ಹೈದರಾಬಾದ್ ಮಹಾನಗರಪಾಲಿಕೆಯಲ್ಲಿ ವಿಲೀನವಾಗುವ ಹೊತ್ತಿಗೆ, ಊರಾಚೆಯದೆಂದು ಆರಿಸಿದ ಕೈಗಾರಿಕಾ ಪ್ರದೇಶವು ಊರಿನ ನಡುವೆ ಇತ್ತು.

ಬೀದರ, ಕಲಬುರಗಿ, ರಾಯಚೂರುಗಳಿಂದ ಹೈದರಾಬಾದಿಗೆ ಬರುವುದು ನಮ್ಮವರಿಗೆ ಹೊಸದೇನಲ್ಲ. 1956ರವರೆಗೆ ಅದು ಅವರ ರಾಜಧಾನಿಯೇ ಆಗಿತ್ತು. ಕಲಬುರಗಿಯಲ್ಲಿ ಎಂ.ಎಸ್.ಕೆ. ಮಿಲ್ಲಿನ ನೆರೆಯಲ್ಲಿ ಬೆಳೆದವರಿಗೆ ಯಂತ್ರದ ಸದ್ದು ಅಪರಿಚಿತವಲ್ಲ; ಗಡಿಯಾರವಿಲ್ಲದ ಮನೆಗೆ ಮಿಲ್ಲಿನ ಭೋಂಗಾವೇ ಗಡಿಯಾರ. ಆದರೆ ಆ ಸದ್ದಿಗೂ ಜೀಡಿಮೆಟ್ಲಾದ ಸದ್ದಿಗೂ ಭೇದವಿದೆ. ಭೋಂಗಾ ಹೊತ್ತಿಗೆ ಕೂಗಿ ಸುಮ್ಮನಾಗುತ್ತಿತ್ತು. ರಾಸಾಯನಿಕ ಘಟಕದ ಬಾಯ್ಲರು, ಕಂಪ್ರೆಸರು, ಗಾಳಿ ಊದುವ ಯಂತ್ರ, ವಿದ್ಯುತ್ತು ಹೋದಾಗ ಗುಡುಗುವ ಡೀಸೆಲ್ ಜನರೇಟರು, ಸರಕು ಸಾಗಿಸುವ ಲಾರಿ ಇವುಗಳಿಗೆ ಹಗಲು ರಾತ್ರಿಗಳೆಂಬ ಭೇದವಿಲ್ಲ.

ಶಾಸನದ ಕಡೆಗೆ ಬರೋಣ. ಮೊದಮೊದಲು ಕಾಯಿದೆಯು ಶಬ್ದವನ್ನು ಅಳೆಯಲಿಲ್ಲ, ಅದರಿಂದ ಆದ ಉಪದ್ರವವನ್ನು ಮಾತ್ರ ಕೇಳಿತು. ಬ್ರಿಟಿಷ್ ಇಂಡಿಯದ 1860ರ ದಂಡಸಂಹಿತೆಯಲ್ಲಿ ಸಾರ್ವಜನಿಕ ಉಪದ್ರವವೆಂಬುದು ಒಂದು ಅಪರಾಧ. ನಿಜಾಮ ಸಂಸ್ಥಾನವು ಭಾರತದಲ್ಲಿ ಸೇರಿದ ಮೇಲೆ ಆ ಸಂಹಿತೆ ಇಲ್ಲಿಗೂ ಅನ್ವಯಿಸಿತು. 2024ರ ಜುಲೈಯಿಂದ ಅದರ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆ ಬಂದಿದ್ದರೂ ಉಪದ್ರವದ ಕಲ್ಪನೆ ಬದಲಾಗಿಲ್ಲ. ಹೈದರಾಬಾದಿಗೆ ತನ್ನದೇ ಆದ ಒಂದು ಪೋಲೀಸ್ ಕಾಯಿದೆಯೂ ಉಂಟು. ಅದು 1348ನೆಯ ಫಸಲಿಯದು, ಅಂದರೆ ಕ್ರಿ.ಶ. 1938-39ರದು, ಫಸಲಿ ವರ್ಷವನ್ನು ಹೊತ್ತ ಕಾಯಿದೆಯೊಂದು ಇಂದಿಗೂ ಜಾರಿಯಲ್ಲಿರುವುದು ಇತಿಹಾಸಪ್ರಿಯರಿಗೆ ಸಂತೋಷದ ಸಂಗತಿ. ಪೋಲೀಸರ ದೃಷ್ಟಿಯಲ್ಲಿ ಶಬ್ದವೆಂದರೆ ಮೆರವಣಿಗೆ, ವಾದ್ಯ, ಧ್ವನಿವರ್ಧಕ. 2024ರ ಅಕ್ಟೋಬರಿನಲ್ಲಿ ಹೈದರಾಬಾದ್ ನಗರದ ಪೋಲೀಸರು ಧಾರ್ಮಿಕ ಮೆರವಣಿಗೆಗಳಲ್ಲಿ ಡಿ.ಜೆ. ಧ್ವನಿವ್ಯವಸ್ಥೆಯನ್ನು ನಿಷೇಧಿಸಿದುದು ಈ ಪರಂಪರೆಗೆ ಸೇರಿದ ಕ್ರಮವೇ. ಗದ್ದಲವೆಂಬುದು ಒಂದು ಘಟನೆ, ಅದನ್ನು ಮಾಡುವವನೊಬ್ಬನಿದ್ದಾನೆ, ಅವನನ್ನು ತಡೆದರೆ ಅದು ನಿಲ್ಲುತ್ತದೆ ಎಂಬುದು ಈ ದೃಷ್ಟಿಯ ತಳಹದಿ. ವರ್ಷವಿಡೀ ನಡೆಯುವ ಕಾರ್ಖಾನೆಯ ಗುಂಯ್‌ಗುಡುವಿಕೆ ಇದರ ಕೈಗೆ ಸಿಕ್ಕದು.

ಅಳೆಯುವ ಯೋಚನೆ ಹೊರಗಿನಿಂದ ಬಂತು. 1920ರ ದಶಕದಲ್ಲಿ ಅಮೆರಿಕದ ದೂರವಾಣಿ ಪ್ರಯೋಗಶಾಲೆಯಲ್ಲಿ ಡೆಸಿಬಲ್ ಎಂಬ ಮಾನ ಹುಟ್ಟಿತು. ನ್ಯೂಯಾರ್ಕ್ ನಗರವು 1929ರಲ್ಲಿ ಒಂದು ಆಯೋಗವನ್ನು ನೇಮಿಸಿ ಬೀದಿಬೀದಿಯ ಶಬ್ದವನ್ನು ಅಳೆಯಿಸಿತು. ನಮ್ಮಲ್ಲಿ ಭಾರತೀಯ ಮಾನಕ ಸಂಸ್ಥೆಯು 1960ರ ದಶಕದಲ್ಲಿಯೇ ಕಟ್ಟಡಗಳ ಶಬ್ದರಕ್ಷಣೆಯ ವಿಷಯವಾಗಿಯೂ ನಗರಯೋಜನೆಯಲ್ಲಿ ಶಬ್ದನಿವಾರಣೆಯ ವಿಷಯವಾಗಿಯೂ ಮಾನಕಗಳನ್ನು ಪ್ರಕಟಿಸಿತು. ಎರಡನೆಯದು 1968ರದು, ಜೀಡಿಮೆಟ್ಲಾದ ನಿವೇಶನಗಳನ್ನು ಗುರುತಿಸುವುದಕ್ಕೆ ಮೊದಲಿನದು. ತಿಳಿವಳಿಕೆ ಇರಲಿಲ್ಲವೆಂದು ಯಾರೂ ಹೇಳುವಂತಿಲ್ಲ. ಅದು ಸಲಹೆಯ ರೂಪದಲ್ಲಿತ್ತು, ವಿಧಿಯ ರೂಪದಲ್ಲಿರಲಿಲ್ಲ.

ವಿಧಿ ಬಂದುದು ವಾಯುಮಾಲಿನ್ಯದ ಮೂಲಕ. 1981ರ ವಾಯುಮಾಲಿನ್ಯ ಕಾಯಿದೆಗೆ 1987ರಲ್ಲಿ ತಂದ ತಿದ್ದುಪಡಿಯು, ಮಾಲಿನ್ಯಕಾರಕವೆಂದರೆ ಘನ, ದ್ರವ ಅಥವಾ ಅನಿಲ ರೂಪದ, ಶಬ್ದವನ್ನೂ ಒಳಗೊಂಡ, ಪದಾರ್ಥವೆಂದು ಹೇಳಿತು. ಶಬ್ದವು ಆಕಾಶದ ಗುಣವೆಂದು ವೈಶೇಷಿಕರೂ ಅದು ದ್ರವ್ಯವೆಂದು ಭಾಟ್ಟ ಮೀಮಾಂಸಕರೂ ಶತಮಾನಗಳ ಕಾಲ ವಾದಿಸಿದರಷ್ಟೆ. ನಮ್ಮ ಸಂಸತ್ತು ಒಂದು ಆವರಣಚಿಹ್ನೆಯಲ್ಲಿ ಮೀಮಾಂಸಕರ ಪಕ್ಷವನ್ನು ವಹಿಸಿತು. ಇದರ ಪರಿಣಾಮವು ವ್ಯಾವಹಾರಿಕವಾಗಿ ದೊಡ್ಡದು. ಶಬ್ದವು ಪೋಲೀಸರ ವಶದಿಂದ ಮಾಲಿನ್ಯ ನಿಯಂತ್ರಣ ಮಂಡಲಿಗಳ ಕಡೆಗೂ ಸರಿಯಿತು. 1986ರ ಪರಿಸರ ಸಂರಕ್ಷಣಾ ಕಾಯಿದೆಯ ಕೆಳಗೆ 1989ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ಅಂಕಿಗಳು ಪ್ರಕಟವಾದುವು. 2000ದ ಫೆಬ್ರುವರಿ 14ರಂದು ಪ್ರಕಟವಾದ ಶಬ್ದಮಾಲಿನ್ಯ ನಿಯಂತ್ರಣ ನಿಯಮಾವಳಿಯು ಅವೇ ಅಂಕಿಗಳನ್ನು ಉಳಿಸಿಕೊಂಡಿತು. ಕೈಗಾರಿಕಾ ವಲಯಕ್ಕೆ ಹಗಲು 75, ರಾತ್ರಿ 70 ಡೆಸಿಬಲ್. ವಾಣಿಜ್ಯ ವಲಯಕ್ಕೆ 65 ಮತ್ತು 55. ವಸತಿ ವಲಯಕ್ಕೆ 55 ಮತ್ತು 45. ಆಸ್ಪತ್ರೆ, ವಿದ್ಯಾಸಂಸ್ಥೆ, ನ್ಯಾಯಾಲಯಗಳ ಸುತ್ತ ನೂರು ಮೀಟರಿಗೆ ಕಡಮೆಯಿಲ್ಲದ ನಿಶ್ಶಬ್ದ ವಲಯಕ್ಕೆ 50 ಮತ್ತು 40. ಒಂದೇ ಒಂದು ವ್ಯತ್ಯಾಸವಾಯಿತು. 1989ರಲ್ಲಿ ರಾತ್ರಿಯು ಒಂಬತ್ತು ಗಂಟೆಗೆ ಆರಂಭವಾಗುತ್ತಿತ್ತು, 2000ದಲ್ಲಿ ಹತ್ತು ಗಂಟೆಗೆ. ಮಲಗುವ ಮಕ್ಕಳ ಪಾಲಿನ ಒಂದು ಗಂಟೆ ಹೀಗೆ ಹಗಲಿಗೆ ಸೇರಿಹೋಯಿತು.

ಈ ಅಂಕಿಗಳನ್ನು ಓದುವಾಗ ಎಚ್ಚರ ಬೇಕು. ಡೆಸಿಬಲ್ ಕೂಡಿಸುವ ಮಾನವಲ್ಲ, ಗುಣಿಸುವ ಮಾನ. ಹತ್ತು ಡೆಸಿಬಲ್ ಹೆಚ್ಚಿತೆಂದರೆ ಶಬ್ದದ ಶಕ್ತಿ ಹತ್ತರಷ್ಟಾಯಿತು. ಇಪ್ಪತ್ತು ಹೆಚ್ಚಿದರೆ ನೂರರಷ್ಟು. ಆದುದರಿಂದ 75 ಮತ್ತು 55ರ ನಡುವಣ ಅಂತರವು ಇಪ್ಪತ್ತು ಎಂಬ ಸಣ್ಣ ಸಂಖ್ಯೆಯಲ್ಲ, ನೂರ್ಮಡಿಯ ಭೇದ. ಬಯಲಿನಲ್ಲಿ ಒಂದೆಡೆ ನಿಂತ ಯಂತ್ರದ ಶಬ್ದವು ದೂರ ಇಮ್ಮಡಿಯಾದಂತೆ ಆರು ಡೆಸಿಬಲ್ ಇಳಿಯುತ್ತದೆ. ಹತ್ತು ಮೀಟರಿನಲ್ಲಿ 75 ಇದ್ದುದು 55ಕ್ಕೆ ಇಳಿಯಲು ನೂರು ಮೀಟರು ಬೇಕು. ಸಾಲಾಗಿ ಲಾರಿಗಳು ಓಡುವ ರಸ್ತೆಯ ಶಬ್ದವಾದರೋ ಇಮ್ಮಡಿ ದೂರಕ್ಕೆ ಮೂರು ಡೆಸಿಬಲ್ ಮಾತ್ರ ಇಳಿಯುತ್ತದೆ. ಅದೇ 75ನ್ನು 55ಕ್ಕೆ ತರಬೇಕಾದರೆ ಸಾವಿರ ಮೀಟರು ಸರಿಯಬೇಕಾಗುತ್ತದೆ. ನಡುವೆ ಗೋಡೆ, ಕಟ್ಟಡಗಳಿದ್ದರೆ ಲೆಕ್ಕ ಬದಲಾಗುವುದು ನಿಜ. ಆದರೆ ಕಾರ್ಖಾನೆಯ ಕಾಂಪೌಂಡಿಗೇ ಮನೆಯ ಹಿತ್ತಿಲು ತಾಗಿಕೊಂಡಿರುವ ಕಡೆ ನೂರು ಮೀಟರಿನ ಮಾತೇ ಏಳುವುದಿಲ್ಲ. ನಕ್ಷೆಯಲ್ಲಿ ಗೆರೆಯ ಈಚೆ 75, ಆಚೆ 55 ಎಂದು ಬರೆಯಬಹುದು. ಗಾಳಿಯಲ್ಲಿ ಆ ಗೆರೆಯಿಲ್ಲ.

ಶಾಸನವು ಈ ತೊಡಕನ್ನು ಅರಿಯದಿರಲಿಲ್ಲ. ಅನುಸೂಚಿಯ ಕೆಳಗೆ ಸಣ್ಣ ಅಕ್ಷರದ ನಾಲ್ಕನೆಯ ಟಿಪ್ಪಣಿಯೊಂದಿದೆ: ಮಿಶ್ರ ಪ್ರದೇಶಗಳನ್ನು ಸಂಬಂಧಪಟ್ಟ ಅಧಿಕಾರಿಯು ಮೇಲಣ ನಾಲ್ಕು ವರ್ಗಗಳಲ್ಲಿ ಯಾವುದಾದರೊಂದಕ್ಕೆ ಸೇರಿಸಬಹುದೆಂದು ಅದರ ತಾತ್ಪರ್ಯ. ನನ್ನ ದೃಷ್ಟಿಯಲ್ಲಿ ಇಡೀ ನಿಯಮಾವಳಿಯ ಮರ್ಮ ಈ ಟಿಪ್ಪಣಿಯಲ್ಲಿದೆ. ನಮ್ಮ ನಗರಗಳ ಬಹುಭಾಗ ಮಿಶ್ರಪ್ರದೇಶವೇ. ಕೆಳಗೆ ಅಂಗಡಿ, ಮೇಲೆ ಮನೆ, ಹಿಂದೆ ಲೇತು ಇರುವುದು ನಮ್ಮಲ್ಲಿ ಅಪವಾದವಲ್ಲ. ಅಂಥ ಪ್ರದೇಶಕ್ಕೆ ಐದನೆಯದೊಂದು ವರ್ಗವನ್ನು ಕಲ್ಪಿಸುವ ಬದಲು, ಅದನ್ನು ನಾಲ್ಕರಲ್ಲಿ ಒಂದೆಂದು ಕರೆದು ಮುಗಿಸಲಾಯಿತು. ಕರೆದ ಹೆಸರೇ ಅಲ್ಲಿನವರ ಹಕ್ಕನ್ನು ನಿರ್ಣಯಿಸುತ್ತದೆ.

ಜೀಡಿಮೆಟ್ಲಾದಲ್ಲಿ ಆದುದನ್ನು ನೋಡಬಹುದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಲಿಯು 2011ರಲ್ಲಿ ದೆಹಲಿ, ಮುಂಬಯಿ, ಕೋಲ್ಕತ್ತ, ಚೆನ್ನೈ, ಬೆಂಗಳೂರು, ಲಖನೌ, ಹೈದರಾಬಾದ್ ಈ ಏಳು ನಗರಗಳಲ್ಲಿ ತಲಾ ಐದರಂತೆ 35 ಶಬ್ದಮಾಪನ ಕೇಂದ್ರಗಳನ್ನು ಸ್ಥಾಪಿಸಿತು. ಮುಂದೆ ಅವು 70 ಆದುವು. ಹೈದರಾಬಾದಿನ ಮೊದಲ ಐದರಲ್ಲಿ ಅಬಿಡ್ಸ್, ಪಂಜಾಗುಟ್ಟ, ಜ್ಯುಬಿಲಿ ಹಿಲ್ಸ್, ಮೃಗಾಲಯಗಳ ಜೊತೆಗೆ ಜೀಡಿಮೆಟ್ಲಾವೂ ಒಂದು. ಹಗಲಿರುಳೂ ತಾನೇ ಅಳೆಯುವ ಯಂತ್ರ ಅಲ್ಲಿ ನಿಂತಿತು. ಇದು ಸಾಮಾನ್ಯ ಸಾಧನೆಯಲ್ಲ. ಮೊದಲು ಊಹೆಯಾಗಿದ್ದುದು ಈಗ ಅಂಕಿಯಾಯಿತು. ಆದರೆ ಪಟ್ಟಿಯಲ್ಲಿ ಜೀಡಿಮೆಟ್ಲಾದ ಮುಂದೆ ಬರೆದಿರುವ ವರ್ಗ ಕೈಗಾರಿಕಾ ವಲಯವೆಂದು. ಒಂದು ರಾತ್ರಿ ಅಲ್ಲಿ 65 ಡೆಸಿಬಲ್ ದಾಖಲಾಯಿತೆಂದು ಭಾವಿಸೋಣ. ಕೈಗಾರಿಕಾ ವಲಯದ ರಾತ್ರಿಯ ಮಿತಿ 70. ಆದುದರಿಂದ ಎಲ್ಲವೂ ಕ್ಷೇಮ. ಅದೇ ಸದ್ದಿನಲ್ಲಿ ಮಲಗಿರುವ ಕೂಲಿಯವನ ಮನೆಯನ್ನು ಮನೆಯೆಂದು ಎಣಿಸಿದ್ದರೆ ಮಿತಿಗಿಂತ ಇಪ್ಪತ್ತು ಹೆಚ್ಚು. ದೂರು ಕೊಡಲು ನಿಯಮದ ಪ್ರಕಾರ ಮಿತಿಯನ್ನು ಹತ್ತು ಡೆಸಿಬಲ್ಲಿನಷ್ಟಾದರೂ ಮೀರಿರಬೇಕು. ಆದ್ದರಿಂದ ಕೈಗಾರಿಕಾ ವಲಯವೆನಿಸಿದ ಕಡೆ ಬರಿಯ ಅಂಕಿಯ ಬಲದಿಂದ ರಾತ್ರಿ ದೂರು ಕೊಡಬೇಕಾದರೆ ಶಬ್ದವು 80ಕ್ಕೆ ಏರಬೇಕು. ಕಾರ್ಖಾನೆಯ ಒಳಗೆ ಎಂಟು ಗಂಟೆ ದುಡಿಯುವವನ ಕಿವಿಯ ರಕ್ಷಣೆಗಾಗಿ ಇಟ್ಟಿರುವ ಮಿತಿ 90. ಕೆಲಸದಲ್ಲಿರುವಾಗಿನ ಮಿತಿಗೂ ಮಲಗಿರುವಾಗ ದೂರುವ ಹಕ್ಕಿಗೂ ನಡುವಣ ಅಂತರ ಹತ್ತು.

ಇಲ್ಲಿ ಒಂದು ವಿಚಾರವನ್ನು ಸ್ಪಷ್ಟಪಡಿಸಬೇಕು. ನಮ್ಮ ಅಂಕಿಗಳು ಸಡಿಲವೆಂದು ಆಕ್ಷೇಪಿಸುವವರುಂಟು. ನಾನು ಹಾಗೆ ಹೇಳಲಾರೆ. ವಿಶ್ವ ಆರೋಗ್ಯ ಸಂಸ್ಥೆಯು 1999ರಲ್ಲಿ ಕೊಟ್ಟ ಮಾರ್ಗದರ್ಶನದಂತೆ ಪಾಠ ನಡೆಯುವ ಕೋಣೆಯ ಒಳಗೆ ಹಿನ್ನೆಲೆಯ ಶಬ್ದ 35ನ್ನು, ಮಲಗುವ ಕೋಣೆಯಲ್ಲಿ 30ನ್ನು ಮೀರಬಾರದು. ಕಿಟಕಿ ಅರೆತೆರೆದಿದ್ದರೆ ಹೊರಗಿನ ಶಬ್ದವು ಒಳಗೆ ಸುಮಾರು 15 ಡೆಸಿಬಲ್ ಕುಗ್ಗುತ್ತದೆ. ನಮ್ಮ ನಿಶ್ಶಬ್ದ ವಲಯದ ಹಗಲಿನ 50ರಲ್ಲಿ 15ನ್ನು ಕಳೆದರೆ ಉಳಿಯುವುದು 35. ವಸತಿ ವಲಯದ ರಾತ್ರಿಯ 45ರಲ್ಲಿ ಕಳೆದರೆ 30. ಲೆಕ್ಕ ಕೂದಲೆಳೆಯಷ್ಟೂ ತಪ್ಪುವುದಿಲ್ಲ. ಅಂಕಿಗಳನ್ನು ಇಟ್ಟವರು ಬಲ್ಲವರೇ. ದೋಷವಿರುವುದು ಅಂಕಿಯಲ್ಲಲ್ಲ, ಅಂಕಿಯನ್ನು ಕೇಳುವವನಿಗೆ ಕಟ್ಟದೆ ನೆಲಕ್ಕೆ ಕಟ್ಟಿದುದರಲ್ಲಿ. 75ರ ವಲಯದಲ್ಲಿರುವ ಶಾಲೆಯ ಕೋಣೆಯೊಳಗೆ ಅದೇ ರೀತಿಯಲ್ಲಿ ಲೆಕ್ಕ ಹಾಕಿದರೆ 60 ಉಳಿಯುತ್ತದೆ. ಉಪಾಧ್ಯಾಯರು ಸಹಜವಾಗಿ ಮಾತನಾಡುವ ಧ್ವನಿಯು ಒಂದು ಮೀಟರು ದೂರದಲ್ಲಿ ಇರುವುದೂ ಅಷ್ಟೇ. ಹಿಂದಿನ ಬೆಂಚಿನ ಹುಡುಗನಿಗೆ ಯಂತ್ರವೇ ಉಪಾಧ್ಯಾಯರಿಗಿಂತ ಹತ್ತಿರ.

ಇದರ ಫಲವೇನೆಂಬುದಕ್ಕೆ ವಿದೇಶಗಳಲ್ಲಿ ಒಳ್ಳೆಯ ಆಧಾರಗಳಿವೆ. ನ್ಯೂಯಾರ್ಕಿನ ಮ್ಯಾನ್‌ಹಟನ್ ಭಾಗದ 98ನೆಯ ಸಾರ್ವಜನಿಕ ಶಾಲೆಯ ಒಂದು ಪಾರ್ಶ್ವಕ್ಕೆ ತಗುಲಿಕೊಂಡು ಎತ್ತರದ ರೈಲುದಾರಿ ಹಾದುಹೋಗುತ್ತದೆ. ನಾಲ್ಕೂವರೆ ನಿಮಿಷಕ್ಕೊಮ್ಮೆ ರೈಲು ಬಂದಾಗಲೆಲ್ಲ ಪಾಠ ಅರ್ಧ ನಿಮಿಷ ನಿಲ್ಲುತ್ತಿತ್ತು. ಕೋಣೆಯೊಳಗೆ 89 ಡೆಸಿಬಲ್. ಬ್ರಾನ್‌ಜ಼ಾಫ್ಟ್ ಮತ್ತು ಮೆಕಾರ್ತಿ ಎಂಬ ಸಂಶೋಧಕರು 1975ರಲ್ಲಿ ಶಾಲೆಯ ಎರಡು ಪಾರ್ಶ್ವಗಳ ಮಕ್ಕಳ ಓದನ್ನು ಹೋಲಿಸಿದಾಗ, ಆರನೆಯ ತರಗತಿಯ ಹೊತ್ತಿಗೆ ರೈಲಿನ ಪಕ್ಕದವರು ಹೆಚ್ಚುಕಡಮೆ ಒಂದು ವರ್ಷ ಹಿಂದೆ ಬಿದ್ದಿದ್ದರು. ಹಳಿಗಳ ಕೆಳಗೆ ರಬ್ಬರನ್ನೂ ಕೋಣೆಗಳ ಚಾವಣಿಗೆ ಶಬ್ದಹೀರುವ ಹಲಗೆಗಳನ್ನೂ ಹಾಕಿಸಿದ ಮೇಲೆ 1981ರಲ್ಲಿ ಮತ್ತೆ ನೋಡಿದಾಗ ಭೇದ ಕಾಣಲಿಲ್ಲ. ಜರ್ಮನಿಯ ಮ್ಯೂನಿಕ್ ನಗರದಲ್ಲಿ 1992ರಲ್ಲಿ ಹಳೆಯ ವಿಮಾನ ನಿಲ್ದಾಣವನ್ನು ಮುಚ್ಚಿ ಬೇರೊಂದನ್ನು ತೆರೆದಾಗ, ಹಳೆಯದರ ಬಳಿಯ ಮಕ್ಕಳ ಓದು ಮತ್ತು ನೆನಪು ಸುಧಾರಿಸಿದುವು, ಹೊಸದರ ಬಳಿಯವರದು ಕುಂದಿತು. ಮಕ್ಕಳು ಸದ್ದಿಗೆ ಒಗ್ಗಿಕೊಳ್ಳುತ್ತಾರೆಂಬ ನಮ್ಮ ಹಿರಿಯರ ಮಾತು ಇಲ್ಲಿ ನಿಲ್ಲುವುದಿಲ್ಲ. ಒಗ್ಗಿಕೊಂಡ ಮಗು ಸದ್ದಿನೊಡನೆ ಮಾತನ್ನೂ ಕೇಳುವುದನ್ನು ಬಿಡುತ್ತದೆ.

ಹೊರನಾಡಿನಲ್ಲಿ ನೆಲೆಸಿರುವ ನಮಗೆ ಇದರಲ್ಲಿ ಮತ್ತೊಂದು ಅಂಶ ವಿಶೇಷವಾಗಿ ವಿಚಾರಾರ್ಹ. ಗದ್ದಲವು ಮೊದಲು ಮುಚ್ಚುವುದು ಸ್ವರಗಳನ್ನಲ್ಲ, ವ್ಯಂಜನಗಳನ್ನು. ಸಕಾರ ಶಕಾರಗಳ, ತಕಾರ ಥಕಾರಗಳ ಭೇದವನ್ನು. ತಾಯ್ನುಡಿಯಲ್ಲಿ ಕೇಳುವವನು ಮುಚ್ಚಿಹೋದ ಅಕ್ಷರವನ್ನು ವಾಕ್ಯದ ಜಾಡಿನಿಂದ ತುಂಬಿಕೊಳ್ಳುತ್ತಾನೆ. ಕಲಿಯುತ್ತಿರುವ ಭಾಷೆಯಲ್ಲಿ ಕೇಳುವವನಿಗೆ ಆ ಜಾಡು ತಿಳಿಯದು. ಅದೇ ಮಾತನ್ನು ಗ್ರಹಿಸಲು ಅವನಿಗೆ ಹೆಚ್ಚಿನ ಮೌನ ಬೇಕು. ಜೀಡಿಮೆಟ್ಲಾದಂಥ ಕಡೆ ಕಲಿಯುವ ಮಕ್ಕಳಲ್ಲಿ ಎಷ್ಟೋ ಮಂದಿಯ ಮನೆಯ ಮಾತು ಬೇರೆ, ಶಾಲೆಯ ಮಾತು ಬೇರೆ. ಮನೆಯಲ್ಲಿ ಬೀದರದ ಕನ್ನಡವನ್ನು ಆಡುವ ಮಗುವು ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಪಾಠ ಕೇಳುವಾಗ, ಹೊರಗಿನ ಲಾರಿಯು ಅದರಿಂದ ಕಸಿದುಕೊಳ್ಳುವುದು ನೆರೆಯ ತೆಲುಗು ಮಗುವಿನಿಂದ ಕಸಿದುಕೊಳ್ಳುವುದಕ್ಕಿಂತ ಹೆಚ್ಚು. ವಲಸೆ ಬಂದವರ ಮಕ್ಕಳು ಹಿಂದುಳಿದುದಕ್ಕೆ ಕಾರಣಗಳನ್ನು ಎಣಿಸುವಾಗ ಬಡತನವನ್ನೂ ಭಾಷೆಯನ್ನೂ ಹೇಳುತ್ತೇವೆ; ಈ ಎರಡನ್ನೂ ತೀಕ್ಷ್ಣಗೊಳಿಸುವ ಸದ್ದನ್ನು ಹೇಳುವುದಿಲ್ಲ.

ನ್ಯಾಯಾಲಯಗಳು ಸುಮ್ಮನಿರಲಿಲ್ಲ. 1998ರಲ್ಲಿ ಒಬ್ಬ ಇಂಜಿನಿಯರು ಸಲ್ಲಿಸಿದ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 2005ರ ಜುಲೈ 18ರಂದು ವಿಸ್ತಾರವಾದ ತೀರ್ಪನ್ನು ಕೊಟ್ಟಿತು. ಧ್ವನಿವರ್ಧಕದ ಗದ್ದಲದಲ್ಲಿ ಅತ್ಯಾಚಾರಕ್ಕೀಡಾದ ಬಾಲಿಕೆಯ ಕೂಗು ಯಾರಿಗೂ ಕೇಳಿಸದೆ ಹೋದ ಪ್ರಸಂಗವು ಆ ಅರ್ಜಿಗೆ ಮೂಲ. ಶಬ್ದವಿಲ್ಲದ ಬಾಳು ಜೀವಿಸುವ ಹಕ್ಕಿನ ಭಾಗವೆಂದು ಅಲ್ಲಿ ಗಟ್ಟಿಯಾಯಿತು. ಆದರೆ ತೀರ್ಪಿನ ಮುಖ ತಿರುಗಿರುವುದು ಧ್ವನಿವರ್ಧಕ, ಪಟಾಕಿ, ವಾಹನದ ಹಾರನ್ನುಗಳ ಕಡೆಗೆ, ಎಂದರೆ ಮತ್ತೆ ಘಟನೆಯ ಗದ್ದಲದ ಕಡೆಗೆ. ಕಾರ್ಖಾನೆಯ ನೆರೆಯ ಮನೆ ಅದರಲ್ಲಿ ಬದಿಗೆ ಉಳಿಯಿತು. ಶಾಲೆಗಳಿಗಂತೂ 2017ರ ಆಗಸ್ಟಿನ ತಿದ್ದುಪಡಿಯು ಇದ್ದುದನ್ನೂ ಸಡಿಲಿಸಿತು. ರಾಜ್ಯ ಸರ್ಕಾರವು ಪ್ರಕಟಣೆಯ ಮೂಲಕ ಸಾರದ ಹೊರತು ಯಾವ ಪ್ರದೇಶವೂ ನಿಶ್ಶಬ್ದ ವಲಯವೆನಿಸುವುದಿಲ್ಲವೆಂದು ಅದು ಹೇಳಿತು. ಅಲ್ಲಿಯವರೆಗೆ ಶಾಲೆ ಇದ್ದ ಮಾತ್ರಕ್ಕೆ ಅದರ ಸುತ್ತ ಮೌನದ ಹಕ್ಕು ಇದೆಯೆಂದು ವಾದಿಸಬಹುದಾಗಿತ್ತು.

ಜೀಡಿಮೆಟ್ಲಾದವರು ಮಾಲಿನ್ಯದ ವಿರುದ್ಧ ದನಿಯೆತ್ತಲಿಲ್ಲವೆಂದಲ್ಲ. ಅಲ್ಲಿನ ನೀರು, ವಾಸನೆಗಳ ವಿಷಯವಾಗಿ ದಶಕಗಳಿಂದ ಹೋರಾಟ ನಡೆದಿದೆ. ಅನೇಕ ಕಾರ್ಖಾನೆಗಳ ತ್ಯಾಜ್ಯವನ್ನು ಒಂದೆಡೆ ಶುದ್ಧಿಗೊಳಿಸುವ ಸಾಮೂಹಿಕ ಘಟಕವು 1980ರ ದಶಕದ ಕೊನೆಗೇ ಅಲ್ಲಿ ಆರಂಭವಾಯಿತು, ದೇಶದ ಮೊದಮೊದಲಿನವುಗಳಲ್ಲಿ ಅದೊಂದು. ಕೊಳೆತ ನೀರನ್ನು ಬಾಟಲಿಯಲ್ಲಿ ತುಂಬಿ ಅಧಿಕಾರಿಯ ಮೇಜಿನ ಮೇಲೆ ಇಡಬಹುದು. ನಿನ್ನೆ ರಾತ್ರಿಯ ಸದ್ದನ್ನು ಇಡಲು ಬರುವುದಿಲ್ಲ. ಬೆಂಗಳೂರಿನ ಪೀಣ್ಯದ ಕಥೆಯೂ ಹೆಚ್ಚು ಭಿನ್ನವಲ್ಲ. ಅಲ್ಲಿಯೂ ಅದೇ ಜಾಲದ ಮಾಪನ ಕೇಂದ್ರವೊಂದುಂಟು, ಅದೇ ಕೈಗಾರಿಕಾ ವರ್ಗ, ಸುತ್ತ ಅದೇ ಮನೆಗಳ ಒತ್ತು.

ಈಗ ಜೀಡಿಮೆಟ್ಲಾದ ನೆಲದ ಹೆಸರೇ ಬದಲಾಗುವ ಸಂಧಿಯಲ್ಲಿದೆ. 2025ರ ನವೆಂಬರಿನಲ್ಲಿ ತೆಲಂಗಾಣ ಸರ್ಕಾರವು ಹೊರವರ್ತುಲ ರಸ್ತೆಯ ಒಳಗಣ ಹಳೆಯ ಕೈಗಾರಿಕಾ ಭೂಮಿಗಳನ್ನು ಶುಲ್ಕ ಪಡೆದು ಬಹೂಪಯೋಗದ ವಲಯಗಳನ್ನಾಗಿ ಪರಿವರ್ತಿಸುವ ನೀತಿಯನ್ನು ಪ್ರಕಟಿಸಿತು. ಬಾಲಾನಗರ, ಸನತ್‌ನಗರಗಳೊಡನೆ ಜೀಡಿಮೆಟ್ಲಾವೂ ಅದರಲ್ಲಿ ಸೇರಿದೆ. ಭೂಮಿಯ ಬೆಲೆಯ ವಿಷಯವಾಗಿ ಇದರ ಮೇಲೆ ರಾಜಕೀಯ ವಾಗ್ವಾದಗಳು ಎದ್ದಿವೆ. ಅವು ನಮ್ಮ ಪ್ರಸ್ತುತ ವಿಷಯವಲ್ಲ. ಪರಿವರ್ತನೆಯು ನಿವೇಶನದ ಒಡೆಯನ ಇಚ್ಛೆಯನ್ನು ಅನುಸರಿಸಿ ನಡೆಯುವಂಥದು. ಒಬ್ಬನು ಕಾರ್ಖಾನೆಯನ್ನು ಕೆಡವಿ ವಸತಿ ಸಮುಚ್ಚಯವನ್ನು ಎಬ್ಬಿಸಿದರೆ, ಮಗ್ಗುಲಿನವನು ತನ್ನ ಬಾಯ್ಲರನ್ನು ಆರಿಸಬೇಕೆಂಬ ಕಟ್ಟಳೆಯಿಲ್ಲ. ಬಡವರ ಗುಡಿಸಲು ಇದ್ದಲ್ಲಿ ಉಳ್ಳವರ ಮಹಡಿ ಬಂದಾಗ ಸದ್ದಿನ ದೂರು ಬಹುಶಃ ಬೇಗ ಕೇಳಿಸುತ್ತದೆ. ಅದು ಬೇರೆ ಮಾತು. ನಗರವನ್ನು ಯೋಜಿಸುವ ಪ್ರಾಧಿಕಾರಗಳು ಶಬ್ದವನ್ನು ಬಾಳಿನ ಗುಣಮಟ್ಟದ ಒಂದು ಅಳತೆಯೆಂದು ಗಣಿಸತಕ್ಕದ್ದೆಂದು 2000ದ ನಿಯಮಾವಳಿಯ ಮೂರನೆಯ ನಿಯಮವು ವಿಧಿಸಿದೆ. ಆ ನಿಯಮವನ್ನು ಪ್ರಯೋಗಿಸಲು ಇದಕ್ಕಿಂತ ತಕ್ಕ ಸಂದರ್ಭ ಜೀಡಿಮೆಟ್ಲಾಕ್ಕೆ ಹಿಂದೆ ಬಂದಿರಲಿಲ್ಲ. ಆದರೆ ಬಹೂಪಯೋಗವೆಂಬ ಹೊಸ ವರ್ಗವು ಭೂಮಿಯ ದಾಖಲೆಯಲ್ಲಿ ಮಾತ್ರ ಇದೆ. ಶಬ್ದದ ಅನುಸೂಚಿಯಲ್ಲಿ ಇರುವುವು ಅವೇ ನಾಲ್ಕು. ಹೊಸದಾಗಿ ಏಳುವ ಮನೆಯ ರಾತ್ರಿಯ ಪಾಲಿಗೆ 45 ಬರುವುದೋ 70 ಬರುವುದೋ ಎಂಬುದನ್ನು, ಅನುಸೂಚಿಯ ನಾಲ್ಕನೆಯ ಟಿಪ್ಪಣಿಯ ಪ್ರಕಾರ, ಒಬ್ಬ ಅಧಿಕಾರಿಯ ಸಹಿ ಈಗಲೂ ತೀರ್ಮಾನಿಸಬೇಕಾಗಿದೆ.